ನಿನ್ನೆ ಮಾಡಿದ ಎಂಚಿಲಾಡಾ

ಎಂಚಿಲಾಡಾ ಎಂಬ ಹೆಸರನ್ನು ಮಗಳು ಮೊದಲ ಸಲ ಹೇಳಿದಾಗ ಅದು ಯಾವುದೋ ಚರ್ಮದ ಕಾಯಿಲೆ ಇರಬೇಕು ಅಂದುಕೊಂಡೆ. "ಯಾರಿಗೆ ಬಂತು?" ಎಂದು ಕೇಳಿಯೂ ಬಿಟ್ಟೆ. ಅವಳು ಹಣೆ ಚಚ್ಚಿಕೊಂಡು, "ಅರೇ ಮಮ್ಮಿ, ಖಾನೇ ಕೀ ಚೀಜ್ ಹೈ!" ಎಂದಳು. ತಿನ್ನುವ ವಸ್ತುವಂತೆ. ಬರುವ ಭಾನುವಾರ ಅವಳ ಹುಟ್ಟುಹಬ್ಬ, ಮಧ್ಯಾಹ್ನದ ಊಟಕ್ಕೆ ಕಾಲೇಜಿನ ಗೆಳತಿಯರು ಬರುತ್ತಾರೆ, ಅವರಿಗೆ ಚಿಕನ್ ಎಂಚಿಲಾಡಾ ಆಗಬೇಕು, ಅದೂ ಸ್ಪೇನ್ ಶೈಲಿಯ ಸಾಸ್ ಹಾಕಿದ್ದು. ಬಿರಿಯಾನಿ ಮಾಡುತ್ತೇನೆ ಅಂದೆ. ಬೇಡ. ನೀರುದೋಸೆ, ಜೊತೆಗೆ ಕೋಳಿ ಗಸಿ, ನಮ್ಮ ಕಡೆಯ ಮಂದ ಸಾರು, ಅಂದೆ. ಅವಳು ನನ್ನನ್ನು ನೋಡಿದ ರೀತಿಗೆ ಇನ್ನೊಬ್ಬಳಾಗಿದ್ದರೆ ಎರಡು ಬಿಗಿಯುತ್ತಿದ್ದಳು. ನಾನು ಬರೇ ಬೈದು ಬಿಟ್ಟೆ.

ನವಿ ಮುಂಬೈಯ ಐರೋಲಿಯಲ್ಲಿ ನಮ್ಮದು ನಾಲ್ಕನೇ ಮಾಳಿಗೆಯ ಫ್ಲ್ಯಾಟು. ಮನೆಯಲ್ಲಿ ನಾನು, ಠಾಣೆಯ ನೌಪಾಡಾದ ಒಂದು ವೆಜ್ ಹೋಟೆಲಿನಲ್ಲಿ ಮ್ಯಾನೇಜರ್ ಆಗಿರುವ ನನ್ನ ಗಂಡ, ಈ ಮಗಳು, ಮತ್ತು ನನ್ನ ಅತ್ತೆ. ಉಡುಪಿ ಕಡೆಯವರು ನಾವು. ತುಳುವರ ಪದ್ಧತಿಯಂತೆ ಅತ್ತೆಯನ್ನು ನಾನು ಮಾಮಿ ಎಂದೇ ಕರೆಯುವುದು. ಅವರು ಸಿಟ್ಟು ಬಂದರೆ ತುಳುವಿನಲ್ಲಿ, ಬುದ್ಧಿ ಹೇಳುವಾಗ ಕನ್ನಡದಲ್ಲಿ ಮಾತಾಡುತ್ತಾರೆ. ಮಗಳಿಗೆ ಎರಡೂ ಅರ್ಥವಾಗುತ್ತವೆ, ಉತ್ತರ ಮಾತ್ರ ಹಿಂದಿಯಲ್ಲಿ ಬರುತ್ತದೆ. ಗಂಡ ದಿನವಿಡೀ ಗಿರಾಕಿಗಳೊಡನೆ ಮಾತಾಡಿ ಸುಸ್ತಾಗಿ ಮನೆಯಲ್ಲಿ ಯಾವ ಭಾಷೆಯನ್ನೂ ಆಡುವುದಿಲ್ಲ.

ಆ ವಾರ ನನ್ನ ತಲೆಯಲ್ಲಿ ಹುಟ್ಟುಹಬ್ಬಕ್ಕೆ ಜಾಗವೇ ಇರಲಿಲ್ಲ. ಅಲ್ಲಿ ಇದ್ದದ್ದು ಮಾಮಿಯ ಹಲ್ಲು. ಹಲ್ಲು ಅಂದರೆ, ಇಲ್ಲದ ಹಲ್ಲು. ಉಳಿದಿದ್ದ ಕೆಲವು ಹುಳುಕಾಗಿ ನೋವು ಕೊಡುತ್ತಿದ್ದವು. ಡೆಂಟಿಸ್ಟ್ ಎಲ್ಲವನ್ನೂ ಕಿತ್ತು, ವಸಡು ಗಟ್ಟಿಯಾದ ಮೇಲೆ ಸೆಟ್ಟು ಕೂರಿಸುವುದಾಗಿ ಹೇಳಿ ಕಳಿಸಿದ್ದ. ಅಲ್ಲಿಯವರೆಗೆ ಮೆತ್ತಗಿನದು ತಿನ್ನಿ ಅಜ್ಜೀ ಎಂದಿದ್ದ. ಅವನಿಗೇನು ಗೊತ್ತು, ಯಾರಿಗೆ ಹೇಳುತ್ತಿದ್ದೇನೆಂದು!

ಮಾಮಿ ಗಂಜಿ ಮುಟ್ಟಲಿಲ್ಲ. "ಗಂಜಿ ಜ್ವರ ಬಂದವರಿಗೆ. ನನಗೆ ಜ್ವರ ಉಂಟಾ?" ಮೊಸರನ್ನ ಕಲಸಿಟ್ಟರೆ ಮಗುವಿನ ಊಟವಾಯಿತು. ಕೋಳಿ ಸಾರನ್ನು ಮಿಕ್ಸರಿಗೆ ಹಾಕಿ ಕೊಟ್ಟ ದಿನವಂತೂ ಬಟ್ಟಲನ್ನು ಎರಡು ಬೆರಳಿನಿಂದ ದೂರ ತಳ್ಳಿ, "ಇದನ್ನು ಕೆಳಗೆ ವಾಚ್‌ಮನ್‌ನ ನಾಯಿಗೆ ಹಾಕು, ಅದಕ್ಕೂ ಹಲ್ಲುಂಟು, ಅದೂ ತಿನ್ನಲಿಕ್ಕಿಲ್ಲ" ಎಂದರು. ಅವರ ಹಟ ಒಂದೇ. ಎಲ್ಲರಿಗೂ ಏನು ಮಾಡಿದೆಯೋ ಅದು ನನಗೂ, ನನಗೆಂದು ಬೇರೆ ಮಾಡಿದ್ದು ಬೇಡ. ಎಲ್ಲರಿಗೂ ಮಾಡಿದ್ದನ್ನು ಅವರಿಗೆ ಜಗಿಯಲು ಬರುವುದಿಲ್ಲ. ಚಹಾಕ್ಕೆ ಅದ್ದಿದ ಬಿಸ್ಕತ್ತು, ಎರಡು ಬಾಳೆಹಣ್ಣು, ಅಷ್ಟರಲ್ಲಿ ದಿನ ಕಳೆಯಿತು. ಅದನ್ನೂ ಗೋಡೆಯ ಕಡೆ ತಿರುಗಿ, ಬಾಯಿಗೆ ಸೆರಗು ಅಡ್ಡ ಹಿಡಿದು ತಿನ್ನುವರು. ಸ್ವಂತ ಮೊಮ್ಮಗಳಿಗೆ ಬೊಚ್ಚುಬಾಯಿ ತೋರಿಸಲು ನಾಚಿಕೆಯಂತೆ.

ಎಷ್ಟೋ ವರ್ಷದಿಂದ ಸೋಪು ಹಚ್ಚಿದರೂ ಬೆರಳಿನಿಂದ ಜಾರದಿದ್ದ ಅವರ ಉಂಗುರ ಒಂದು ಬೆಳಿಗ್ಗೆ ಮುಖ ತೊಳೆಯುವಾಗ ತಾನಾಗಿ ಬೇಸಿನ್ನಿಗೆ ಬಿತ್ತು. ಅದರ ಠಣ್ ಎಂಬ ಶಬ್ದ ಅಡುಗೆಮನೆಗೆ ಕೇಳಿಸಿ ಒಲೆ ಆರಿಸಿ ಓಡಿದೆ. ಅದೇ ದಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ತೂಕ ನೋಡಿ ಡಾಕ್ಟರಮ್ಮ, ಹೀಗೇ ಇಳಿಯುತ್ತಾ ಹೋದರೆ ಅಡ್ಮಿಟ್ ಮಾಡಿ ಸಲೈನ್ ಏರಿಸಬೇಕಾಗುತ್ತದೆ, ಈ ವಯಸ್ಸಿನಲ್ಲಿ ಹಾಸಿಗೆ ಹಿಡಿದರೆ ಏಳಿಸುವುದು ಕಷ್ಟ ಎಂದರು. ಮಾಮಿ ಅವರ ಮುಂದೆ ಕೋಲೆಬಸವನಂತೆ ತಲೆಯಾಡಿಸಿ, ರಿಕ್ಷಾದಲ್ಲಿ ಕೂತ ಮೇಲೆ, "ಅವಳೇ ಕಡ್ಡಿಯ ಹಾಗಿದ್ದಾಳೆ, ನನಗೆ ಹೇಳ್ಲಿಕ್ಕೆ ಬಂದಳು" ಎಂದರು.

ಜಗಳವಾಡಿದೆ, ಕಾಲು ಹಿಡಿದೆ, ಅವರ ಮಗನಿಂದ, ಅಂದರೆ ನನ್ನ ಗಂಡನಿಂದ, ಹೇಳಿಸಿದೆ. ಮಗ, "ಅಮ್ಮಾ, ತಿನ್ನು" ಅಂದರು, ಟಿವಿ ಹಾಕಿದರು. ಮುಗಿಯಿತು ಅವರ ಕರ್ತವ್ಯ.

ಹೀಗಿರುವಾಗ ಎಂಚಿಲಾಡಾ. "ಅಜ್ಜಿ ಹೊಟ್ಟೆಗಿಲ್ಲದೆ ಕೂತಿದ್ದಾರೆ, ನಿನಗೆ ಪಾರ್ಟಿ ಬೇಕಾ?" ಎಂದು ಮಗಳ ಮೇಲೆ ರೇಗಿದೆ. ಕೋಣೆಯಿಂದ ಮಾಮಿಯೇ ಕೂಗಿ ಹೇಳಿದರು: "ನಾನೇನು ಸತ್ತಿದ್ದೇನಾ, ಹಬ್ಬ ನಿಲ್ಲಿಸಲಿಕ್ಕೆ? ಮಾಡು ಮಾರಾಯ್ತಿ, ಮಗು ಕೇಳಿದ್ದು ಮಾಡು."

ಮಗಳು ಫೋನಿನಲ್ಲಿ ರೆಸಿಪಿ ತೋರಿಸಿದಳು. ತೆಳ್ಳಗಿನ ರೊಟ್ಟಿ, ಅದರೊಳಗೆ ಬೇಯಿಸಿ ಬಿಡಿಸಿದ ಕೋಳಿ, ಸುರುಳಿ ಸುತ್ತಿ ಟ್ರೇಯಲ್ಲಿ ಜೋಡಿಸಿ, ಮೇಲೆ ಸಾಸ್ ಹೊಯ್ದು, ಚೀಸ್ ಉದುರಿಸಿ ಓವನ್ನಿಗೆ. ಇಷ್ಟೇ! ಇದಕ್ಕೆ ಇಷ್ಟು ದೊಡ್ಡ ಹೆಸರು. ತಿಂಡಿ ಮೆಕ್ಸಿಕೋದ್ದು, ಸಾಸ್ ಹೇಗೆ ಸ್ಪೇನಿನದಾಯಿತು ಎಂದು ಕೇಳಿದರೆ ಅವಳಿಗೂ ಗೊತ್ತಿಲ್ಲ. ಇರಲಿ ಬಿಡಿ, ಠಾಣೆಯಲ್ಲಿ ಕೂತು ಉಡುಪಿಯವರು ಚೈನೀಸ್ ದೋಸೆ ಮಾಡಿ ಮಾರುವಾಗ ಮೆಕ್ಸಿಕೋದವರು ಸ್ಪೇನಿನಿಂದ ಸಾಸ್ ತಂದರೆ ನನಗೇಕೆ ಹೊಟ್ಟೆಯುರಿ.

ಶನಿವಾರ ಮಧ್ಯಾಹ್ನವೇ ಶುರು ಮಾಡಿದೆ. ನಮ್ಮಲ್ಲಿ ಕೋಳಿ, ಮೀನು ವರ್ಜ್ಯವಿರುವುದು ಸೋಮವಾರ ಮಾತ್ರ, ಹಾಗಾಗಿ ತೊಂದರೆಯಿರಲಿಲ್ಲ. ಈರುಳ್ಳಿ, ಬೆಳ್ಳುಳ್ಳಿ, ಡೊಣ್ಣೆಮೆಣಸು ಸಣ್ಣಗೆ ಹೆಚ್ಚಿ ಎಣ್ಣೆಯಲ್ಲಿ ಬಾಡಿಸಿದೆ. ಬಿಸಿನೀರಿಗೆ ಹಾಕಿ ಸಿಪ್ಪೆ ತೆಗೆದ ಟೊಮೆಟೊ ಸೇರಿಸಿ ಸಣ್ಣ ಉರಿಯಲ್ಲಿ ಕುದಿಯಲು ಬಿಟ್ಟೆ. ಗಂಡ ನೌಪಾಡಾದ ಅಂಗಡಿಯಿಂದ ಚೀಸನ್ನೂ ಬಾಟಲಿಯಲ್ಲಿ ಉಪ್ಪುನೀರಿಗೆ ಹಾಕಿದ ಆಲಿವ್ ಕಾಯಿಯನ್ನೂ ತಂದಿದ್ದರು. ಒಂದು ಬಾಯಿಗೆ ಹಾಕಿ ನೋಡಿದೆ. ಒಗರು, ಉಪ್ಪು, ಮೇಲೊಂದು ವಾಸನೆ. ಥೂ! ನಮ್ಮ ಮಿಡಿ ಉಪ್ಪಿನಕಾಯಿಯ ಮುಂದೆ ಇದನ್ನು ನಿಲ್ಲಿಸಿದರೆ ನಾಚಿಕೆಯಿಂದ ಓಡಿಹೋಗಬೇಕು. ಆದರೂ ಕತ್ತರಿಸಿ ಹಾಕಿದೆ.

ಮಗಳು ಬಾಗಿಲಲ್ಲಿ ಪಹರೆ ನಿಂತಿದ್ದಳು. "ಮಮ್ಮಿ, ನಾರಿಯಲ್ ನಹೀ ಡಾಲ್ನಾ. ಪ್ರಾಮಿಸ್?" ತೆಂಗಿನಕಾಯಿ ಹಾಕುವುದಿಲ್ಲವೆಂದು ಆಣೆ ಇಟ್ಟೆ. ತೆಂಗಿನಕಾಯಿ ಹಾಕಲಿಲ್ಲವೆಂಬುದು ನಿಜ. ಅವಳು ಫೋನು ಬಂತೆಂದು ಆಚೆ ಹೋದಾಗ ನೆನೆಸಿಟ್ಟ ಬ್ಯಾಡಗಿ ಮೆಣಸನ್ನು ಹುರಿದ ಕೊತ್ತಂಬರಿ, ಜೀರಿಗೆಯ ಜೊತೆ ರುಬ್ಬಿ ಸಾಸಿಗೆ ಸುರಿದೆ. ಅದರ ಬಗ್ಗೆ ನಾನು ಯಾವ ಆಣೆಯನ್ನೂ ಇಟ್ಟಿರಲಿಲ್ಲ. ಬಣ್ಣ ಬಂತು ನೋಡಿ! ಕೋಣೆಯಿಂದ ಮಾಮಿಯ ಸ್ವರ ಬಂತು: "ಕೊತ್ತಂಬರಿ ಸ್ವಲ್ಪ ಜಾಸ್ತಿ ಹುರಿದಿ ನೀನು." ಹೊಟ್ಟೆಗೆ ಅನ್ನವಿಲ್ಲದಿದ್ದರೂ ಮೂಗಿಗೆ ಮಾತ್ರ ಬಲ ಕಡಿಮೆಯಾಗಿರಲಿಲ್ಲ.

ಜೋಳದ ಹಿಟ್ಟಿಗೆ ಸ್ವಲ್ಪ ಮೈದಾ ಬೆರೆಸಿ, ತೆಳ್ಳಗೆ ಲಟ್ಟಿಸಿ ರೊಟ್ಟಿ ಬೇಯಿಸಿದೆ. ರೆಸಿಪಿಯಲ್ಲಿದ್ದದ್ದು ಮೆಕ್ಕೆಜೋಳ, ನಾನು ತಂದದ್ದೂ ಅದೇ, ಪಂಜಾಬಿಗಳು ಮಕ್ಕಿ ರೋಟಿಗೆ ಬಳಸುವ ಹಳದಿ ಹಿಟ್ಟು. ಮೊದಲೆರಡು ಹರಿದವು, ಮೂರನೆಯದರಿಂದ ಕೈಗೆ ಬಂತು. ಕೋಳಿಯನ್ನು ಬೇಯಿಸಿ, ಎಲುಬು ತೆಗೆದು, ಎಳೆ ಎಳೆಯಾಗಿ ಬಿಡಿಸಿ, ಸುರುಳಿ ಸುತ್ತಿ ಗಾಜಿನ ಟ್ರೇಯಲ್ಲಿ ಸಾಲಾಗಿ ಮಲಗಿಸಿದೆ. ನೋಡಲು ಎಷ್ಟು ಚಂದ ಇದ್ದವೆಂದರೆ ಮಗಳು ಫೋಟೊ ತೆಗೆದಳು.

ಆಮೇಲೆ ಮಾಡಿದೆ ನೋಡಿ ಘನಕಾರ್ಯ.

ಮದುವೆಯಾಗಿ ಬಂದ ಹೊಸತರಲ್ಲಿ ಮಾಮಿ ನನಗೆ ಕಲಿಸಿದ ಮೊದಲ ಪಾಠ, ಕೋಳಿ ಗಸಿ ಇವತ್ತು ಮಾಡಿ ನಾಳೆ ತಿನ್ನಬೇಕು. ಒಂದು ರಾತ್ರಿ ಕಳೆದರೆ ಮಸಾಲೆ ಕೋಳಿಯೊಳಗೆ ಇಳಿಯುತ್ತದೆ, ರುಚಿ ಇಮ್ಮಡಿಯಾಗುತ್ತದೆ. ನಮ್ಮ ಕಡೆಯ ಯಾರನ್ನು ಬೇಕಾದರೂ ಕೇಳಿ, ನಿನ್ನೆಯ ಗಸಿಗೆ ಸಮ ಬೇರೆ ಇಲ್ಲ. ಆ ನಂಬಿಕೆಯಲ್ಲೇ ನಾನು ಸ್ಪೇನಿನ ಸಾಸನ್ನು ಧಾರಾಳವಾಗಿ ಸುರುಳಿಗಳ ಮೇಲೆ, ಕೆಳಗೆ, ಸಂದಿಯಲ್ಲಿ ಹೊಯ್ದು, ಮುಚ್ಚಿ ಫ್ರಿಜ್ಜಿನಲ್ಲಿಟ್ಟೆ. ಮಸಾಲೆ ಚೆನ್ನಾಗಿ ಹಿಡಿಯಲಿ, ನಾಳೆ ಚೀಸ್ ಹಾಕಿ ಓವನ್ನಿಗೆ ಇಟ್ಟರಾಯಿತು, ಗೆಳತಿಯರ ಮುಂದೆ ಬೆವರು ಒರೆಸಿಕೊಳ್ಳುವ ಕಷ್ಟವಿಲ್ಲ. ನನ್ನ ಬುದ್ಧಿಗೆ ನಾನೇ ಮೆಚ್ಚಿಕೊಂಡೆ.

ಮಾಮಿಯ ಎರಡನೆಯ ಪಾಠ ಆ ಹೊತ್ತಿಗೆ ಎಲ್ಲಿ ಹೋಗಿತ್ತೋ. ನಮ್ಮಲ್ಲಿ ಕೋರಿ ರೊಟ್ಟಿ ಅಂತ ಉಂಟು. ಹಪ್ಪಳದಂಥ ಗರಿಗರಿ ಅಕ್ಕಿ ರೊಟ್ಟಿಯನ್ನು ಬಟ್ಟಲಲ್ಲಿ ಮುರಿದು ಹಾಕಿ, ಮೇಲೆ ಬಿಸಿ ಕೋಳಿ ಗಸಿ ಹೊಯ್ದು ತಿನ್ನುವುದು. ಅದಕ್ಕೆ ನಿಯಮ: ತಿನ್ನುವವರು ಕೂತ ಮೇಲೆಯೇ ರೊಟ್ಟಿಗೆ ಗಸಿ ಮುಟ್ಟಿಸಬೇಕು, ಇಲ್ಲವಾದರೆ ಎಲ್ಲ ಮುದ್ದೆ. ಗಸಿಯನ್ನು ನಿನ್ನೆ ಮಾಡು, ರೊಟ್ಟಿಗೆ ಇವತ್ತು ಹಾಕು. ಇಷ್ಟು ವರ್ಷ ನೂರಾರು ಸಲ ಮಾಡಿದವಳು ನಾನು.

ಭಾನುವಾರ ಗೆಳತಿಯರು ಐರೋಲಿ ಸ್ಟೇಷನ್ನಿನಲ್ಲಿ ಇಳಿದೆವೆಂದು ಫೋನು ಮಾಡಿದರು. ಮಗಳು ಹೊಸ ಡ್ರೆಸ್ಸಿನಲ್ಲಿ ಕುಣಿಯುತ್ತಿದ್ದಳು. ನಾನು ಗತ್ತಿನಿಂದ ಟ್ರೇ ಹೊರತೆಗೆದು ಮುಚ್ಚಳ ಎತ್ತಿದೆ. ಸುರುಳಿಗಳೇ ಇಲ್ಲ! ರೊಟ್ಟಿ ರಾತ್ರಿಯೆಲ್ಲ ಸಾಸ್ ಕುಡಿದು ಕುಡಿದು ಒಂದಕ್ಕೊಂದು ಕರಗಿ ಹೋಗಿತ್ತು. ಚಮಚದಲ್ಲಿ ಒಂದನ್ನು ಎಬ್ಬಿಸಲು ನೋಡಿದರೆ ನಾಲ್ಕೂ ಕಡೆಯಿಂದ ಕುಸಿಯಿತು. ಕೋಳಿ ಎಲ್ಲಿ, ರೊಟ್ಟಿ ಎಲ್ಲಿ, ಸ್ಪೇನ್ ಎಲ್ಲಿ, ಒಂದೂ ಗೊತ್ತಾಗದಂಥ ಕೆಂಪು ಮುದ್ದೆ.

"ಅಯ್ಯೋ ನನ್ನ ಹಣೆಬರಹವೇ!" ಎಂದು ಕೂಗಿದೆ. ಮಗಳು ಓಡಿ ಬಂದು ನೋಡಿ, "ಯೇ ಕ್ಯಾ ಕಿಯಾ ಮಮ್ಮಿ..." ಎಂದಳು. ಕಣ್ಣಲ್ಲಿ ನೀರು ತುಂಬಿತ್ತು. ನನಗೆ ನನ್ನ ಮೇಲೆ ಬಂದ ಸಿಟ್ಟನ್ನು ಅವಳ ಮೇಲೆ ತೀರಿಸಿದೆ. "ಬಿರಿಯಾನಿ ಮಾಡ್ತೇನೆ ಅಂದೆ, ಕೇಳಿದಿಯಾ? ಮೆಕ್ಸಿಕೋ ಬೇಕಿತ್ತು ನಿನಗೆ! ಮಾಡಿದ್ದುಣ್ಣೋ ಮಹಾರಾಯ ಅಂತ ಸುಮ್ಮನೆ ಹೇಳಿದ್ದಾ?" ಮಾಡಿದವಳು ನಾನು, ಉಣ್ಣಬೇಕಾದವರು ಬೇರೆ, ಆದರೆ ಅದನ್ನೆಲ್ಲ ನೋಡುವ ಸ್ಥಿತಿಯಲ್ಲಿ ನಾನಿರಲಿಲ್ಲ. ಗಂಡ ಭಾನುವಾರದ ರಶ್ಶಿಗೆ ಹೋಟೆಲಿಗೆ ಹೋಗಿದ್ದರು, ಅವರ ಪುಣ್ಯ.

ಗಲಾಟೆ ಕೇಳಿ ಮಾಮಿ ಗೋಡೆ ಹಿಡಿದುಕೊಂಡು ಅಡುಗೆಮನೆಗೆ ಬಂದರು. ಎಷ್ಟೋ ದಿನದ ಮೇಲೆ ಅವರು ಅಷ್ಟು ದೂರ ನಡೆದದ್ದು. ಟ್ರೇಯ ಮೇಲೆ ಬಗ್ಗಿ ನೋಡಿದರು. ಆಮೇಲೆ ನನ್ನ ಮುಖ ನೋಡಿದರು, ತುಂಬಾ ಹೊತ್ತು. ನಾನು ಬೈಗುಳಕ್ಕೆ ತಯಾರಾಗಿ ನಿಂತೆ, ಮರುಜವಾಬು ಕೂಡ ನಾಲಿಗೆಯ ಮೇಲಿತ್ತು.

"ಒಂದು ಚಮಚ ಕೊಡು," ಎಂದರು. "ಉಪ್ಪು ನೋಡ್ತೇನೆ."

ಉಪ್ಪು ನೋಡುವುದು ನಮ್ಮ ಮನೆಯಲ್ಲಿ ಮೊದಲಿನಿಂದ ಅವರ ಅಧಿಕಾರ. ಹಲ್ಲು ಹೋದ ಮೇಲೆ ಅದನ್ನೂ ಬಿಟ್ಟಿದ್ದರು. ಕೊಟ್ಟೆ. ಬಾಯಿಗೆ ಹಾಕಿಕೊಂಡು ನಾಲಿಗೆಯಿಂದ ಅತ್ತಿತ್ತ ಹೊರಳಿಸಿದರು. ನುಂಗಿದರು. ಇನ್ನೊಂದು ಚಮಚ ತೆಗೆದರು. "ಉಪ್ಪು ಸಮ ಉಂಟು. ಬಿಸಿ ಮಾಡಿ ಬಟ್ಟಲಲ್ಲಿ ಹಾಕಿ ಕೊಡು ಎಲ್ಲರಿಗೆ. ಅಳುವಂಥದ್ದು ಎಂಥ ಆಗಿದೆ ಈಗ?"

ಬೇರೆ ದಾರಿಯಾದರೂ ಏನಿತ್ತು? ಮೇಲೆ ಚೀಸ್ ಉದುರಿಸಿ ಓವನ್ನಿಗೆ ತಳ್ಳಿದೆ. ಚೀಸ್ ಕರಗಿ ಕೆಂಪಾಗಿ ಗುಳ್ಳೆ ಬಂದಾಗ ಮುಖಕ್ಕೆ ಪೌಡರ್ ಹಚ್ಚಿದಂತೆ ಒಳಗಿನ ಅವಾಂತರ ಮುಚ್ಚಿಹೋಯಿತು. ಗೆಳತಿಯರು ಬಂದರು. ಅವರಲ್ಲೊಬ್ಬಳು ಬಟ್ಟಲೊಳಗೆ ಇಣುಕಿ ಇದೇನೆಂದು ಕೇಳಿದಾಗ ಮಗಳು ಕಣ್ಣು ಒರೆಸಿದ ಗುರುತೂ ಇಲ್ಲದೆ, "ಎಂಚಿಲಾಡಾ ಬೌಲ್. ಅಬ್ ಐಸಾ ಹೀ ಬನಾತೇ ಹೈ" ಎಂದಳು. ಈಗ ಹೀಗೇ ಮಾಡುತ್ತಾರಂತೆ! ಎಲಾ ಇವಳ! ಹೋಟೆಲಿನವನ ಮಗಳು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಹುಡುಗಿಯರು ಒಂದು ಚಮಚ ತಿಂದು, ಇನ್ನೊಂದು ತಿಂದು, ಖಾರಕ್ಕೆ ಹಾ ಹೂ ಎನ್ನುತ್ತಾ ಬಟ್ಟಲು ಕೆರೆಯತೊಡಗಿದರು.

ಆಗ ಮಾಮಿ ತಮ್ಮ ಬಟ್ಟಲು ಹಿಡಿದುಕೊಂಡು ಬಂದು ಆ ಹುಡುಗಿಯರ ನಡುವೆ ಕುರ್ಚಿ ಎಳೆದು ಕೂತರು. ಗೋಡೆಯ ಕಡೆ ತಿರುಗಲಿಲ್ಲ. ಸೆರಗು ಹೆಗಲ ಮೇಲೇ ಇತ್ತು. ಎಲ್ಲರ ಬಟ್ಟಲಲ್ಲೂ ಅದೇ, ಎಲ್ಲರ ಕೈಯಲ್ಲೂ ಚಮಚ, ಯಾರೂ ಜಗಿಯುತ್ತಿಲ್ಲ. "ಗೊತ್ತುಂಟಾ, ಇದು ನಮ್ಮ ಕೋರಿ ರೊಟ್ಟಿಯ ತಂಗಿ," ಎಂದು ಆ ಮರಾಠಿ ಮಕ್ಕಳಿಗೆ ಕನ್ನಡದಲ್ಲಿ ಹೇಳಿದರು. ಅವರಿಗೆ ಏನು ತಿಳಿಯಿತೋ, ನಕ್ಕರು. ಮಾಮಿಯೂ ಬೊಚ್ಚುಬಾಯಿ ಅಗಲಿಸಿ ನಕ್ಕರು. ಬಟ್ಟಲು ಖಾಲಿಯಾದಾಗ ನನ್ನ ಕಡೆ ಚಾಚಿ, "ಇನ್ನು ಸ್ವಲ್ಪ ಹಾಕು" ಎಂದರು. ನಾನು ಹಾಕಿ ಕೊಟ್ಟು ಅಡುಗೆಮನೆಗೆ ಬಂದು, ನಲ್ಲಿ ಜೋರಾಗಿ ಬಿಟ್ಟು ಅತ್ತುಬಿಟ್ಟೆ. ಸಂತೋಷಕ್ಕೆ ಅತ್ತದ್ದು, ಸುಳ್ಳು ಹೇಳುವುದೇಕೆ.

ಮರುದಿನ ಬೆಳಿಗ್ಗೆ ಮಾಮಿ ಫ್ರಿಜ್ಜಿನ ಮುಂದೆ ನಿಂತಿದ್ದರು. "ನಿನ್ನೆಯದು ಉಳಿದದ್ದು ಉಂಟಾ?"

"ಉಂಟು ಮಾಮಿ. ಆದ್ರೆ ಇವತ್ತು ಸೋಮವಾರ."

ಐವತ್ತು ವರ್ಷದಿಂದ ಸೋಮವಾರ ಮೀನಿನ ವಾಸನೆಯನ್ನೂ ಸೇರದ ಹೆಂಗಸು ಒಂದು ಗಳಿಗೆ ಯೋಚಿಸಿ ಹೇಳಿದರು: "ಹಲ್ಲು ಬರುವವರೆಗೆ ಸೋಮವಾರಕ್ಕೆ ರಜೆ. ದೇವರಿಗೆ ನಾನು ಹೇಳ್ತೇನೆ, ನೀನು ಬಿಸಿ ಮಾಡು."

ಅಲ್ಲಿಂದ ಶುರುವಾಯಿತು. ಮಗಳ ಪಾರ್ಟಿಗೆ ಕೆಟ್ಟ ಅಡುಗೆಯನ್ನು ನಾನು ಮತ್ತೆ ಮತ್ತೆ ಕೆಡಿಸಿದೆ. ಎಲ್ಲರಿಗೂ ಅದೇ, ಬಟ್ಟಲು, ಚಮಚ. ಒಮ್ಮೆ ಕೋಳಿ, ಒಮ್ಮೆ ಸಿಗಡಿ, ಆಲಿವ್ ಮುಗಿದ ಮೇಲೆ ಆಲಿವ್ ಇಲ್ಲದೆ, ಮಗಳು ಊರಲ್ಲಿಲ್ಲದ ವಾರ ತೆಂಗಿನಹಾಲು ಕೂಡ ಹಾಕಿ. ಗಂಡ, "ಇದು ಯಾವಾಗ ನಿಲ್ಲುತ್ತದೆ?" ಎಂದು ಒಂದೇ ಒಂದು ಸಲ ಬಾಯಿ ತೆರೆದರು, ಇಬ್ಬರೂ ಒಟ್ಟಿಗೆ ತಿರುಗಿ ನೋಡಿದೆವು, ಮುಚ್ಚಿಕೊಂಡರು. ಡಾಕ್ಟರಮ್ಮ ತೂಕ ನೋಡಿ, ಏನು ಟಾನಿಕ್ ಕೊಡುತ್ತಿದ್ದೀರಿ ಎಂದು ಕೇಳಿದರು. ಉಂಗುರ ಮತ್ತೆ ಬೆರಳಿನಲ್ಲಿ ನಿಂತಿತು.

ಕೊನೆಗೆ ಹಲ್ಲಿನ ಸೆಟ್ಟೂ ಬಂತು. ಮೊದಲ ಭಾನುವಾರವೇ ಕೋರಿ ರೊಟ್ಟಿ ಮಾಡಿದೆ. ಮಾಮಿ ಗಸಿ ಹಾಕಿಸಿಕೊಳ್ಳದೆ ಒಣ ರೊಟ್ಟಿಯ ತುಂಡನ್ನು ಬಾಯಿಗಿಟ್ಟು, ಪಕ್ಕದ ಫ್ಲ್ಯಾಟಿಗೂ ಕೇಳುವಂತೆ ಕಟುಂ ಎಂದು ಕಡಿದು ತೋರಿಸಿದರು. ಕಡಲೆಯೂ ಬಂತು, ಹಲ್ಲೂ ಬಂತು, ಇನ್ನು ಎಂಚಿಲಾಡಾದ ಕೆಲಸ ಮುಗಿಯಿತು ಅಂದುಕೊಂಡೆ. ಸೋಮವಾರದ ರಜೆಯೂ ರದ್ದಾಯಿತು.

ಎಂಚಿಲಾಡಾದ ಕೆಲಸ ಮಾತ್ರ ಮುಗಿದಿರಲಿಲ್ಲ. ಮುಂದಿನ ಶನಿವಾರ, "ಮಾರಾಯ್ತಿ, ಆ ಮೆಕ್ಸಿಕೋದ್ದು ಮಾಡು. ನಾಳೆಗೆ" ಎಂದರು. ಮಾಡಿದೆ. ಭಾನುವಾರ ಊಟಕ್ಕೆ ಕೂತು, ಬಟ್ಟಲನ್ನು ಮುಂದೆಳೆದುಕೊಂಡು, ಮಾಮಿ ಮೇಲಿನ, ಕೆಳಗಿನ ಎರಡೂ ಸೆಟ್ಟನ್ನು ಬಾಯಿಂದ ತೆಗೆದು ನೀರಿನ ಲೋಟಕ್ಕೆ ಹಾಕಿದರು.

"ಅಲ್ಲ ಮಾಮಿ, ಅಷ್ಟು ಕಷ್ಟಪಟ್ಟು ಮಾಡಿಸಿದ ಹಲ್ಲು..."

"ಇದಕ್ಕೆ ಹಲ್ಲು ಹಾಕಿದ್ರೆ ರುಚಿ ಇಲ್ಲ," ಎಂದು ಒಂದು ಚಮಚ ನುಂಗಿದರು. ಆಮೇಲೆ ನನ್ನ ಕಡೆ ನೋಡದೆ, ಬಟ್ಟಲಿಗೇ ಹೇಳುವಂತೆ ಹೇಳಿದರು: "ಅವತ್ತು ನೀನು ಬೇಕೂಂತಲೇ ಹಾಳು ಮಾಡಿದ್ದು, ನನಗೆ ಗೊತ್ತಾಗ್ಲಿಲ್ಲ ಅಂದುಕೊಂಡಿದ್ದಿಯಾ? ರೊಟ್ಟಿಗೆ ಸಾರು ಹೊಯ್ದು ಹಿಂದಿನ ದಿನವೇ ಇಡುವಷ್ಟು ಪೆದ್ದಿ ನೀನಲ್ಲ. ಕಲಿಸಿದ್ದು ನಾನಲ್ವಾ? ನನಗೆ ಬೇರೆ ಮಾಡಿದ್ರೆ ತಿನ್ನುವುದಿಲ್ಲ ಅಂತ, ಹೆತ್ತ ಮಗಳ ಹುಟ್ಟುಹಬ್ಬದ ಊಟವನ್ನೇ ಕೆಡಿಸಿದಿ. ಅದನ್ನೂ ತಿನ್ನದಿದ್ರೆ ನಾನು ಎಂಥ ಹೆಂಗಸು? ಅದಕ್ಕೇ ಚಮಚ ಕೇಳಿದೆ ಅವತ್ತು."

ಮದುವೆಯಾದಂದಿನಿಂದ ಮಾಮಿ ಒಂದು ಅಂದರೆ ನಾನು ಎರಡು ಅಂದವಳು. ಆ ದಿನ ಸೌಟು ಕೈಗೆ ತೆಗೆದುಕೊಂಡೆ. ಮರೆತು ಮಾಡಿದ್ದೆಂದು ನಿಜ ಹೇಳಿದರೆ ನಾನು ಪೆದ್ದಿ ಆಗುತ್ತೇನೆ, ಅವರ ಪಾಠವೂ ದಂಡ. ಎದುರಿಗೆ ಮಗಳು ಎಲ್ಲ ಗೊತ್ತಿದ್ದವಳು, ಚಮಚ ಬಾಯಲ್ಲಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದಳು. ಮೇಜಿನ ಕೆಳಗೆ ಅವಳ ಕಾಲನ್ನು ಮೆಲ್ಲನೆ ಒತ್ತಿದೆ.

"ಇನ್ನೊಂದು ಸೌಟು ಹಾಕ್ಲಾ ಮಾಮಿ?" ಎಂದೆ.

"ಹಾಕು," ಎಂದರು. "ಕೇಳುವುದೆಂಥದು."